ಬುಧವಾರದ ದಣಿವು, ಶನಿವಾರದ ಗೆಲುವು

2023ರ ಮಾರ್ಚ್ 4, ಶನಿವಾರ. ಸೌದಿ ಅರೇಬಿಯಾದ ರಿಯಾದ್ ನಗರದ ಕಿಂಗ್ ಫಹದ್ ಅಂತರರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕರ್ನಾಟಕದ ಫುಟ್‌ಬಾಲ್ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅದಕ್ಕೂ ಮೊದಲು ಕೊನೆಯ ಸಲ ಈ ಟ್ರೋಫಿ ನಮ್ಮ ಕಡೆ ಬಂದದ್ದು 1968–69ರಲ್ಲಿ. ನಡುವೆ ಹೋದದ್ದು 54 ವರ್ಷ. ಅಂದು ಗೆದ್ದ ತಂಡದ ಹೆಸರು ಮೈಸೂರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹಾಗಾಗಿ ಕರ್ನಾಟಕ ಎಂಬ ಹೆಸರಿನಲ್ಲಿ ಈ ಟ್ರೋಫಿ ಬಂದದ್ದು ಆ ಶನಿವಾರವೇ ಮೊದಲು.

ಇಷ್ಟು ದೊಡ್ಡ ಸಂಗತಿ ಚಿತ್ರದುರ್ಗ ಜಿಲ್ಲೆಯ ನಮ್ಮ ಭರಮಸಾಗರದಂಥ ಊರುಗಳಿಗೆ ಸರಿಯಾಗಿ ಮುಟ್ಟಲೇ ಇಲ್ಲ. ಕ್ರಿಕೆಟ್ಟಿನಲ್ಲಿ ರಾಜ್ಯ ತಂಡ ರಣಜಿ ಗೆದ್ದರೆ ಚಹಾದಂಗಡಿಯಲ್ಲಿ ಒಂದು ವಾರ ಮಾತಾಗುತ್ತದೆ. ಈ ಗೆಲುವಿಗೆ ಅದರಲ್ಲಿ ಕಾಲು ಭಾಗದ ಮಾತೂ ಸಿಗಲಿಲ್ಲ. ನನಗೆ ಅದು ಇಂದಿಗೂ ನೋವಿನ ವಿಷಯ. ಅದಕ್ಕೇ ಆ ಪಂದ್ಯವನ್ನು, ಅದಕ್ಕೂ ಮೂರು ದಿನ ಹಿಂದಿನ ಪಂದ್ಯವನ್ನು ಸೇರಿಸಿ, ನಿಧಾನವಾಗಿ ಹೇಳಬೇಕು ಅನ್ನಿಸಿದೆ. ಬುಧವಾರ ಏನಾಯಿತು ಎಂದು ತಿಳಿಯದವರಿಗೆ ಶನಿವಾರದ 3–2 ಬರೀ ಒಂದು ಅಂಕಿಯಾಗಿ ಕಾಣುತ್ತದೆ.

ಮಾರ್ಚ್ 1ರ ಬುಧವಾರ ಸೆಮಿಫೈನಲ್. ಎದುರಾಳಿ ಸರ್ವಿಸಸ್, ಅಂದರೆ ಭೂಸೇನೆ, ನೌಕಾಪಡೆ, ವಾಯುಪಡೆಯ ಆಟಗಾರರನ್ನು ಕೂಡಿಸಿ ಕಟ್ಟಿದ ತಂಡ. 2012ರಿಂದ 2019ರ ನಡುವೆ ಐದು ಸಲ ಸಂತೋಷ್ ಟ್ರೋಫಿ ಗೆದ್ದ ತಂಡವದು. ಬೆಳಗೆದ್ದು ಓಡುವುದೇ ಕೆಲಸವಾಗಿರುವ ಹುಡುಗರು. ಅವರ ಮುಂದೆ ಜಾಣತನದ ಪಾಸುಗಳಷ್ಟೇ ಸಾಕಾಗುವುದಿಲ್ಲ, ಕೊನೆಯ ನಿಮಿಷದವರೆಗೂ ಅವರಷ್ಟೇ ಓಡಬೇಕು. ನಲವತ್ತನೇ ನಿಮಿಷದಲ್ಲಿ ಬಿಕಾಸ್ ಥಾಪಾ ಗೋಲು ಹೊಡೆದು ಸರ್ವಿಸಸ್‌ಗೆ ಮುನ್ನಡೆ ಕೊಟ್ಟರು. ವಿರಾಮಕ್ಕೆ ಇನ್ನು ಐದೇ ನಿಮಿಷ ಇರುವಾಗ ಗೋಲು ಬಿಟ್ಟುಕೊಟ್ಟ ತಂಡ ಸಾಮಾನ್ಯವಾಗಿ ತಲೆ ತಗ್ಗಿಸಿ ಒಳಗೆ ಹೋಗುತ್ತದೆ. ಕರ್ನಾಟಕ ಹಾಗೆ ಹೋಗಲಿಲ್ಲ. ಎರಡೇ ನಿಮಿಷದಲ್ಲಿ ರಾಬಿನ್ ಯಾದವ್ ಸಮ ಮಾಡಿದರು. ವಿರಾಮದ ಸೀಟಿ ಊದುವ ಮೊದಲೇ ಪಿ. ಅಂಕಿತ್ ಮುನ್ನಡೆ ತಂದರು. ದ್ವಿತೀಯಾರ್ಧದಲ್ಲಿ ಎಂ. ಸುನಿಲ್ ಕುಮಾರ್ ಮೂರನೆಯದನ್ನು ಸೇರಿಸಿದರು. 3–1.

ಅಂಕಿ ನೋಡಿದರೆ ಸಲೀಸಾಗಿ ಗೆದ್ದಂತಿದೆ. ಆದರೆ ಹಿಂದೆ ಬಿದ್ದು ಮುಂದೆ ಬಂದ ಪಂದ್ಯ ಮೈಯನ್ನು ಹಿಂಡುವ ರೀತಿಯೇ ಬೇರೆ. ಮುನ್ನಡೆಯಲ್ಲಿರುವವರು ಚೆಂಡನ್ನು ತಮ್ಮ ಲೆಕ್ಕಕ್ಕೆ ಓಡಿಸುತ್ತಾರೆ. ಹಿಂದೆ ಬಿದ್ದವರು ಚೆಂಡಿನ ಹಿಂದೆ ಓಡಬೇಕಾಗುತ್ತದೆ. ಮೂರನೇ ಗೋಲು ಬಂದದ್ದು ಪಂದ್ಯ ಮುಗಿಯಲು ಹದಿಮೂರು–ಹದಿನಾಲ್ಕು ನಿಮಿಷ ಉಳಿದಿದ್ದಾಗ. ಅಲ್ಲಿಯವರೆಗೆ ಒಂದೇ ಗೋಲಿನ ಅಂತರದಲ್ಲಿ ಸೈನಿಕರ ತಂಡವನ್ನು ತಡೆದು ನಿಲ್ಲಿಸಿದ್ದರು. ಫೈನಲ್ ತಲುಪಿ 47 ವರ್ಷ ಆಗಿದ್ದ ತಂಡ. ಕೊನೆಯ ಸಲ ಅಲ್ಲಿಗೆ ಹೋಗಿದ್ದು 1975–76ರಲ್ಲಿ, ಬಂಗಾಳದೆದುರು ಸೋತಿತ್ತು. ಆ ಬುಧವಾರ ರಾತ್ರಿ ಹುಡುಗರ ಕಾಲಿಗೆ ಎಷ್ಟು ನೋವಿತ್ತೋ ಮನಸ್ಸಿಗೆ ಅಷ್ಟೇ ಹಿಗ್ಗೂ ಇದ್ದಿರಬೇಕು.

ಆಮೇಲೆ ಸಿಕ್ಕಿದ್ದು ಎರಡು ದಿನದ ಬಿಡುವು. ಗುರುವಾರ, ಶುಕ್ರವಾರ. ಅಷ್ಟೇ.

ಫುಟ್‌ಬಾಲ್ ಅಂಗಳ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಅದರಲ್ಲಿ ತೊಂಬತ್ತು ನಿಮಿಷ ಆಡುವವನು ಹತ್ತು ಕಿಲೋಮೀಟರಿನ ಆಚೀಚೆ ಓಡುತ್ತಾನೆ. ಒಂದೇ ಸಮನೆ ಓಡಿದರೆ ಅದೇನೂ ದೊಡ್ಡದಲ್ಲ, ಹಳ್ಳಿಯ ಹುಡುಗರು ಸೇನೆಯ ಭರ್ತಿಗೆ ತಯಾರಾಗುವಾಗ ದಿನಾ ಓಡುತ್ತಾರೆ. ಇಲ್ಲಿ ಹಾಗಲ್ಲ. ನಿಂತ ಕಾಲಲ್ಲಿ ಚಂಗನೆ ಹಾರಬೇಕು, ಅರ್ಧ ದಾರಿಯಲ್ಲಿ ಬ್ರೇಕ್ ಹಾಕಿ ತಿರುಗಬೇಕು, ಎದುರಾಳಿಯ ಭುಜಕ್ಕೆ ಭುಜ ಕೊಡಬೇಕು, ಬಿದ್ದು ಮತ್ತೆ ಏಳಬೇಕು. ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜೆನ್ ಪಂದ್ಯದ ಕೊನೆಗೆ ಬಹುಪಾಲು ಖಾಲಿ. ಅನ್ನ, ರೊಟ್ಟಿ, ಹಣ್ಣು ಚೆನ್ನಾಗಿ ತಿಂದರೂ ಅದು ಮತ್ತೆ ತುಂಬಲು ಎರಡರಿಂದ ಮೂರು ದಿನ ಹಿಡಿಯುತ್ತದೆ. ತೊಡೆಯ ಹಿಂಭಾಗದ, ಮೀನಖಂಡದ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗಿರುತ್ತವೆ. ಅವುಗಳ ನೋವು ಹೆಚ್ಚಾಗುವುದು ಪಂದ್ಯದ ರಾತ್ರಿಯಲ್ಲ, ಮರುದಿನ, ಅದರ ಮರುದಿನ. ಜಗತ್ತಿನ ದೊಡ್ಡ ಕ್ಲಬ್‌ಗಳ ತಜ್ಞರು ಎರಡು ಪಂದ್ಯಗಳ ನಡುವೆ ಕನಿಷ್ಠ 72 ಗಂಟೆ ಬೇಕು ಎಂದು ಪದೇ ಪದೇ ಕೇಳುವುದು ಇದೇ ಕಾರಣಕ್ಕೆ. ಬುಧವಾರದಿಂದ ಶನಿವಾರಕ್ಕೆ ಲೆಕ್ಕ ಹಾಕಿದರೆ ಹೆಚ್ಚೂಕಮ್ಮಿ ಆ ಗಡಿಯ ಮೇಲೇ ನಿಲ್ಲುತ್ತದೆ. ದೊಡ್ಡ ಕ್ಲಬ್ಬುಗಳಿಗಾದರೆ ವಾರದ ನಡುವಿನ ಪಂದ್ಯಕ್ಕೊಂದು ಹನ್ನೊಂದು, ವಾರಾಂತ್ಯಕ್ಕೊಂದು ಹನ್ನೊಂದು ಇಳಿಸುವಷ್ಟು ಆಟಗಾರರಿರುತ್ತಾರೆ. ರಾಜ್ಯ ತಂಡಕ್ಕೆ ಆ ಭಾಗ್ಯವಿಲ್ಲ. ಸೆಮಿಫೈನಲ್‌ನಲ್ಲಿ ಗೋಲು ಹೊಡೆದ ಮೂವರಲ್ಲಿ ಇಬ್ಬರು ಫೈನಲ್‌ನಲ್ಲೂ ಹೊಡೆದರು ಎಂಬುದರಲ್ಲೇ ಯಾರ ಕಾಲಿನ ಮೇಲೆ ಎಷ್ಟು ಭಾರ ಬಿದ್ದಿತ್ತು ಎಂಬುದು ಗೊತ್ತಾಗುತ್ತದೆ.

ನಮ್ಮ ಕಡೆಯ ಓದುಗರಿಗೆ ಈ ದಣಿವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊನಲು ಬೆಳಕಿನ ಕಬಡ್ಡಿ ನೋಡಿದವರಿಗೆಲ್ಲ ಗೊತ್ತು. ಸಂಜೆ ಶುರುವಾದ ಪಂದ್ಯಾವಳಿಯ ಸೆಮಿಫೈನಲ್ ನಡುರಾತ್ರಿ ದಾಟಿದ ಮೇಲೆ, ಫೈನಲ್ ಕೋಳಿ ಕೂಗುವ ಹೊತ್ತಿಗೆ. ಅಷ್ಟರಲ್ಲಿ ನಾಲ್ಕೈದು ಪಂದ್ಯ ಆಡಿರುವ ಹುಡುಗನ ಮೊಣಕೈ ತರಚಿರುತ್ತದೆ, ಮಂಡಿಗೆ ಪಟ್ಟಿ ಸುತ್ತಿರುತ್ತಾನೆ, ಆದರೂ ರೈಡಿಗೆ ಹೋಗುತ್ತಾನೆ. ಗೆರೆಯ ಹೊರಗೆ ನಿಂತ ನಾವು ಅವನ ಉಸಿರಾಟ ಕೇಳಿಯೇ ಇವನು ಈಗ ಪಾಯಿಂಟ್ ತರುತ್ತಾನೋ ಇಲ್ಲವೋ ಎಂದು ಹೇಳುತ್ತೇವೆ. ಅಂಥ ಕಣ್ಣಿರುವ ಊರಿನವರು ರಿಯಾದ್‌ನ ಫೈನಲ್ ನೋಡಿದ್ದರೆ ಅದರ ಕೊನೆಯ ಅರ್ಧ ತಾಸನ್ನು ಮರೆಯುತ್ತಿರಲಿಲ್ಲ.

ಮೇಘಾಲಯದವರೂ ದಣಿದಿದ್ದರು ಎಂಬುದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಅದೇ ಬುಧವಾರ ಅವರು ಪಂಜಾಬನ್ನು 2–1ರಿಂದ ಸೋಲಿಸಿ ಬಂದಿದ್ದರು. ಅವರ ಪಾಲಿಗೆ ಅದು ಮೊಟ್ಟಮೊದಲ ಸಂತೋಷ್ ಟ್ರೋಫಿ ಫೈನಲ್. ಶಿಲ್ಲಾಂಗ್‌ನಲ್ಲಿ ಫುಟ್‌ಬಾಲ್ ಅಂದರೆ ಮನೆಮನೆಯ ಆಟ. ಆ ಗುಡ್ಡಗಳಲ್ಲಿ ಬೆಳೆದ ಹುಡುಗರಿಗೆ ಓಟ ಹೊಸದಲ್ಲ. ಹೀಗಾಗಿ ಆ ಶನಿವಾರ ಎದುರುಬದುರಾದದ್ದು ಎರಡು ದಣಿದ ತಂಡಗಳು.

ಪಂದ್ಯ ಶುರುವಾಗಿ ಎರಡನೇ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು. ಬುಧವಾರ ಕೊನೆಯ ಗೋಲು ಹೊಡೆದವರೇ ಶನಿವಾರದ ಮೊದಲ ಗೋಲನ್ನೂ ಹೊಡೆದರು. ಆದರೆ ಹತ್ತು ನಿಮಿಷ ತುಂಬುವುದರೊಳಗೆ ಮೇಘಾಲಯಕ್ಕೆ ಪೆನಾಲ್ಟಿ ಸಿಕ್ಕಿತು. ಬ್ರೋಲಿಂಗ್ಟನ್ ವಾರ್ಲಾರ್ಪಿ ತಪ್ಪು ಮಾಡಲಿಲ್ಲ. 1–1. ಹತ್ತೊಂಬತ್ತನೇ ನಿಮಿಷದಲ್ಲಿ ಬೆಕೆ ಓರಂ ಮತ್ತೆ ಕರ್ನಾಟಕವನ್ನು ಮುಂದಕ್ಕೆ ತಂದರು. ಇಪ್ಪತ್ತು ನಿಮಿಷಕ್ಕೆ ಮೂರು ಗೋಲು ಅಂದರೆ ಆಟ ಎಷ್ಟು ಬಿಚ್ಚಿಕೊಂಡಿತ್ತು ಎಂದು ಊಹಿಸಬಹುದು. ದಣಿದ ಕಾಲುಗಳಿಗೆ ಬಿಚ್ಚಿಕೊಂಡ ಆಟ ಅಪಾಯ. ಎರಡೂ ಕಡೆ ಖಾಲಿ ಜಾಗ ಹೆಚ್ಚು, ಓಡಬೇಕಾದ ದೂರವೂ ಹೆಚ್ಚು.

ವಿರಾಮಕ್ಕೆ ಒಂದೆರಡು ನಿಮಿಷ ಇರುವಾಗ ಫ್ರೀಕಿಕ್. ಚೆಂಡಿನ ಹಿಂದೆ ನಿಂತವರು ರಾಬಿನ್ ಯಾದವ್. ಫ್ರೀಕಿಕ್‌ನಲ್ಲಿ ಆಟಗಾರನಿಗೆ ಅಪರೂಪಕ್ಕೆ ಒಂದು ಸೌಲಭ್ಯ ಸಿಗುತ್ತದೆ. ಯಾರೂ ಅವನ ಮೇಲೆ ಬೀಳುವುದಿಲ್ಲ, ಗೋಡೆ ಕಟ್ಟಿದವರು 9.15 ಮೀಟರ್ ದೂರದಲ್ಲಿ ನಿಲ್ಲಬೇಕು, ಉಸಿರು ಎಳೆದುಕೊಳ್ಳಲು ಸಮಯವಿರುತ್ತದೆ. ದಣಿದ ತಂಡಕ್ಕೆ ಇದಕ್ಕಿಂತ ಬೆಲೆಬಾಳುವ ಅವಕಾಶ ಇನ್ನೊಂದಿಲ್ಲ. ಓಟ ಸೋತಾಗಲೂ ಪಾದದ ಕೌಶಲ ಸೋಲದಿರಲಿ ಎಂದು ವರ್ಷಗಟ್ಟಲೆ ಅಭ್ಯಾಸ ಮಾಡುವುದು ಇಂಥ ಗಳಿಗೆಗಾಗಿಯೇ. ಯಾದವ್ ಹೊಡೆದ ಚೆಂಡು ನೇರ ಬಲೆ ಸೇರಿತು. 3–1. ಆ ಟೂರ್ನಿಯ ಶ್ರೇಷ್ಠ ಆಟಗಾರ ಎಂಬ ಗೌರವವೂ ಅವರಿಗೇ ಸಂದಿತು. ಸೆಮಿಫೈನಲ್‌ನಲ್ಲಿ ತಂಡ ಹಿಂದೆ ಬಿದ್ದಾಗ ಎರಡು ನಿಮಿಷದಲ್ಲಿ ಎತ್ತಿದವರು, ಫೈನಲ್‌ನಲ್ಲಿ ಎರಡು ಗೋಲಿನ ಅಂತರ ಕೊಟ್ಟವರು ಇವರು. ಆ ಗೌರವಕ್ಕೆ ಅವರೇ ತಕ್ಕವರು.

ಎರಡು ಗೋಲಿನ ಮುನ್ನಡೆ ನಿಜಕ್ಕೂ ದೊಡ್ಡದು. ಅದು ಅರವತ್ತನೇ ನಿಮಿಷದವರೆಗೆ ಮಾತ್ರ ಉಳಿಯಿತು. ಮೇಘಾಲಯದ ಶೀನ್ ಸ್ಟೀವನ್ಸನ್ ಸೊಕ್ತುಂಗ್ ಗೋಲು ಹೊಡೆದು 3–2 ಮಾಡಿದರು. ಮೂವತ್ತು ನಿಮಿಷ, ಅದರ ಮೇಲೆ ರೆಫರಿ ಸೇರಿಸುವ ನಿಮಿಷಗಳು. ಒಂದೇ ಒಂದು ತಪ್ಪಾದರೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ. ಬುಧವಾರದ ತೊಂಬತ್ತು ನಿಮಿಷ, ಶನಿವಾರದ ತೊಂಬತ್ತು ನಿಮಿಷದ ಮೇಲೆ ಇನ್ನೂ ಮೂವತ್ತು ನಿಮಿಷ ಎಳೆಯುವ ಶಕ್ತಿ ಯಾರಲ್ಲಿತ್ತು?

ಇಲ್ಲಿಂದ ಮುಂದೆ ಹೇಳಿಕೊಳ್ಳುವಂಥ ಗೋಲಿಲ್ಲ. ಪತ್ರಿಕೆಯ ವರದಿಯಲ್ಲಿ ಈ ಅರ್ಧ ಗಂಟೆಗೆ ಸಿಗುವುದು ಒಂದೋ ಎರಡೋ ಸಾಲು. ನನ್ನ ಮಟ್ಟಿಗೆ ಟ್ರೋಫಿ ಗೆದ್ದದ್ದು ಈ ಅರ್ಧ ಗಂಟೆಯಲ್ಲಿ. ಒಂದು ಗೋಲಿನ ಮುನ್ನಡೆ ಕಾಯುವುದು ಆಟದಲ್ಲೇ ಅತ್ಯಂತ ಕಷ್ಟದ ಕೆಲಸ. ಹಿಂದೆ ಸರಿದು ಗೋಲಿನ ಮುಂದೆ ಎಲ್ಲರೂ ಗುಂಪಾದರೆ ಎದುರಾಳಿ ಮೇಲಿಂದ ಮೇಲೆ ಬರುತ್ತಾನೆ, ಮುಂದೆ ಹೋದರೆ ಬೆನ್ನ ಹಿಂದೆ ಜಾಗ ಬಿಡುತ್ತೀರಿ. ಪ್ರತಿ ಸಲ ಚೆಂಡು ಹೊರಗೆ ಹೋದಾಗ ನಾಲ್ವರು ರಕ್ಷಕರೂ ಒಂದೇ ಸಾಲಿಗೆ ಬರಬೇಕು. ಒಬ್ಬ ಎರಡು ಹೆಜ್ಜೆ ತಡಮಾಡಿದರೂ ಸಾಲು ಮುರಿಯುತ್ತದೆ. ದಣಿವು ಮೊದಲು ತಿನ್ನುವುದೇ ಈ ಎರಡು ಹೆಜ್ಜೆಯನ್ನು. ಕಾಲು ನಿಧಾನವಾಗುವ ಮೊದಲು ಗಮನ ನಿಧಾನವಾಗುತ್ತದೆ. ಕರ್ನಾಟಕದ ಹುಡುಗರು ಕೊನೆಯ ಸೀಟಿಯವರೆಗೂ ಆ ಗಮನ ಕಳೆದುಕೊಳ್ಳಲಿಲ್ಲ. ಕೋಚ್ ರವಿ ಬಾಬು ರಾಜು ಅವರ ತಂಡ ಗೋಲು ಹೊಡೆಯುವುದನ್ನಷ್ಟೇ ಕಲಿತಿರಲಿಲ್ಲ, ಕಾಯುವುದನ್ನೂ ಕಲಿತಿತ್ತು.

ಅದನ್ನು ಎಲ್ಲಿ ಕಲಿತರು ಎಂದು ಕೇಳಿದರೆ ನಾನು ಒಂದು ವರ್ಷ ಹಿಂದಕ್ಕೆ, ಮಲಪ್ಪುರಂ ಜಿಲ್ಲೆಯ ಮಂಜೇರಿಗೆ ಹೋಗುತ್ತೇನೆ. 2022ರ ಏಪ್ರಿಲ್‌ನ ಸೆಮಿಫೈನಲ್‌ನಲ್ಲಿ ಕೇರಳ ಕರ್ನಾಟಕವನ್ನು 7–3ರಿಂದ ಸೋಲಿಸಿತ್ತು. ಮೊದಲ ಗೋಲು ಹೊಡೆದದ್ದು ಕರ್ನಾಟಕವೇ. ಆಮೇಲೆ ಬದಲಿ ಆಟಗಾರನಾಗಿ ಇಳಿದ ಟಿ.ಕೆ. ಜೆಸಿನ್ ಒಬ್ಬರೇ ಐದು ಗೋಲು ಹೊಡೆದರು. ತುಂಬಿ ತುಳುಕುವ ಕೇರಳದ ಜನರ ನಡುವೆ ಏಳು ಗೋಲು ಬಿಟ್ಟುಕೊಟ್ಟರೆ ಒಂದು ತಂಡ ಚೂರುಚೂರಾಗಲು ಅಷ್ಟು ಸಾಕು. ಮುಂದಿನ ವರ್ಷ ಭುವನೇಶ್ವರದಲ್ಲಿ ಅಂತಿಮ ಸುತ್ತಿನ ಗುಂಪಿನಲ್ಲಿ ಮತ್ತೆ ಅದೇ ಕೇರಳ ಎದುರಾಯಿತು. ಹಾಲಿ ಚಾಂಪಿಯನ್ನರು. ಕರ್ನಾಟಕ 1–0ಯಿಂದ ಗೆದ್ದಿತು. ಏಳು ಗೋಲು ತಿಂದಿದ್ದ ರಾಜ್ಯದ ತಂಡ ಹತ್ತು ತಿಂಗಳಲ್ಲಿ ಅದೇ ಎದುರಾಳಿಗೆ ಒಂದೂ ಗೋಲು ಕೊಡಲಿಲ್ಲ. ಆರು ತಂಡಗಳ ಆ ಗುಂಪಿನಲ್ಲಿ ಒಬ್ಬೊಬ್ಬರಿಗೂ ಐದೈದು ಪಂದ್ಯ, ಅದೂ ಸುಮಾರು ಹತ್ತು ದಿನಗಳ ಒಳಗೆ. ಪಂಜಾಬ್ ಮೊದಲು, ಕರ್ನಾಟಕ ಎರಡನೆಯದು, ಕೇರಳ ಮನೆಗೆ. ಅಲ್ಲಿಂದ ವಿಮಾನ ಹತ್ತಿ ರಿಯಾದ್. ಸಂತೋಷ್ ಟ್ರೋಫಿಯ ಕೊನೆಯ ಹಂತ ದೇಶದ ಹೊರಗೆ ನಡೆದದ್ದು ಅದೇ ಮೊದಲು. ರಿಯಾದ್ ತಲುಪುವ ಹೊತ್ತಿಗೇ ಹುಡುಗರ ಕಾಲಲ್ಲಿ ಆ ಐದು ಪಂದ್ಯಗಳ ಭಾರವಿತ್ತು.

ಈ ಟ್ರೋಫಿಯ ಹಿಂದೆ ನಮ್ಮ ರಾಜ್ಯದ್ದೊಂದು ದೀರ್ಘ ಕಥೆಯಿದೆ. 1941ರಲ್ಲಿ ಶುರುವಾದ ಪಂದ್ಯಾವಳಿ ಇದು. ಸಂತೋಷ್ ಎನ್ನುವುದು ಈಗಿನ ಬಾಂಗ್ಲಾದೇಶದಲ್ಲಿರುವ ಒಂದು ಜಮೀನ್ದಾರಿಯ ಹೆಸರು. ಅಲ್ಲಿನ ಮಹಾರಾಜ ಮನ್ಮಥನಾಥ ರಾಯ್ ಚೌಧುರಿ ಅವರ ನೆನಪಿಗೆ ಈ ಟ್ರೋಫಿ. ಮೈಸೂರು ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಇದನ್ನು ಗೆದ್ದಿತು. ಬಂಗಾಳದಂಥ ಬಲಾಢ್ಯರ ಕಾಲದಲ್ಲಿ ನಾಲ್ಕು ಸಲ. ಅದಕ್ಕೂ ಮೊದಲು, 1937ರಲ್ಲಿ, ಬ್ರಿಟಿಷ್ ಸೇನಾ ತಂಡಗಳೇ ಆಳುತ್ತಿದ್ದ ಮುಂಬಯಿಯ ರೋವರ್ಸ್ ಕಪ್ ಅನ್ನು ಬೆಂಗಳೂರು ಮುಸ್ಲಿಮ್ಸ್ ಕ್ಲಬ್ ಗೆದ್ದಿತ್ತು, ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ಎದುರು 1–2ರಿಂದ ಸೋತ ಪಂದ್ಯದಲ್ಲಿ ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಪಂದ್ಯ ಅದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಆಮೇಲೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಪಂಚ ಪಾಂಡವರಲ್ಲಿ ಒಬ್ಬರೆಂದು ಹೆಸರಾದರು.

ಈ ಹೆಸರುಗಳನ್ನು ರಿಯಾದ್‌ನ ಹೆಸರುಗಳ ಪಕ್ಕ ಇಟ್ಟು ನೋಡಿ. ಅಂದು ರಾಮನ್, ಅಹ್ಮದ್ ಖಾನ್. ಇಂದು ಸುನಿಲ್ ಕುಮಾರ್, ಬೆಕೆ ಓರಂ, ರಾಬಿನ್ ಯಾದವ್, ಗೋಲಿನಲ್ಲಿ ಸತ್ಯಜಿತ್ ಬೊರ್ಡೊಲೊಯ್. ಇದರಲ್ಲಿ ನಮ್ಮವರು ಎಷ್ಟು ಮಂದಿ ಎಂದು ಕೇಳುವವರಿದ್ದಾರೆ. ನನಗೆ ಆ ಪ್ರಶ್ನೆ ಹಿಡಿಸುವುದಿಲ್ಲ. ಬೆಂಗಳೂರಿನ ಫುಟ್‌ಬಾಲ್ ಹುಟ್ಟಿದ್ದೇ ದಂಡು ಪ್ರದೇಶದಲ್ಲಿ, ತಮಿಳು, ಉರ್ದು, ಕನ್ನಡ, ತೆಲುಗು ಒಟ್ಟಿಗೆ ಕೇಳುವ ಬೀದಿಗಳಲ್ಲಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರ, ಇವು ಆ ಆಟದ ತವರು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ಯಾರ ಮನೆಮಾತು ಯಾವುದೇ ಇರಲಿ, ಕರ್ನಾಟಕದ ಹೆಸರಿಗಾಗಿ ನಾಲ್ಕು ದಿನದಲ್ಲಿ ಎರಡು ಸಲ ಮೈ ಮುರಿದು ಓಡಿದವರು ನಮ್ಮವರೇ.

ನನ್ನ ಪ್ರಶ್ನೆ ಬೇರೆ. ಆ ಪಟ್ಟಿಯಲ್ಲಿ ನಮ್ಮ ದುರ್ಗದ ಸೀಮೆಯ ಹುಡುಗ ಒಬ್ಬ ಬರುವುದು ಯಾವಾಗ?

ಭರಮಸಾಗರ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲೇ ಇದೆ. ದೂರ ಇನ್ನೂರು ಕಿಲೋಮೀಟರ್ ಚಿಲ್ಲರೆ. ಮೆಕ್ಕೆಜೋಳ, ಈರುಳ್ಳಿಯ ಲಾರಿಗಳು ದಿನವೂ ಆ ರಸ್ತೆ ಹಿಡಿಯುತ್ತವೆ, ಡಿಗ್ರಿ ಮುಗಿಸಿದ ಹುಡುಗರೂ ಹಿಡಿಯುತ್ತಾರೆ. ಆದರೆ ಫುಟ್‌ಬಾಲ್ ಮಾತ್ರ ಆ ರಸ್ತೆಯಲ್ಲಿ ಇತ್ತ ಬರಲಿಲ್ಲ. ನಮ್ಮ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್ ಜೋರಾಗಿ ನಡೆಯುತ್ತವೆ. ಮಕ್ಕಳಲ್ಲಿ ಓಟವಿದೆ, ಎದೆಗಾರಿಕೆ ಇದೆ, ದಣಿದ ಮೇಲೂ ಆಡುವ ಹಟವಿದೆ. ಕಬಡ್ಡಿಯ ರೈಡರ್ ತಿರುಗುವ ರೀತಿಯನ್ನು ಒಬ್ಬ ಒಳ್ಳೆಯ ಫುಟ್‌ಬಾಲ್ ಕೋಚ್ ನೋಡಿದರೆ ತಕ್ಷಣ ಗುರುತಿಸುತ್ತಾನೆ, ಸೊಂಟ ತಗ್ಗಿಸಿ ಒಂದೇ ಹೆಜ್ಜೆಯಲ್ಲಿ ದಿಕ್ಕು ಬದಲಿಸುವ ಆ ಚಳಕ ಮುಂಚೂಣಿ ಆಟಗಾರನಿಗೆ ಬೇಕಾದದ್ದೇ. ಕಲಿಸುವವರಿಲ್ಲ, ಆಡುವ ಲೀಗ್ ಇಲ್ಲ. ಬೆಳಗಾವಿ, ಮಂಗಳೂರು, ಕೋಲಾರದ ಚಿನ್ನದ ಗಣಿಯ ಊರುಗಳಿಗೆ ಸೇನೆ, ಬಂದರು, ಗಣಿಯ ಜೊತೆಗೆ ಆಟ ಬಂತು. ಬಯಲುಸೀಮೆಯ ನಮಗೆ ಅದನ್ನು ಯಾರಾದರೂ ತಂದುಕೊಡಬೇಕು.

ತರಬಹುದು ಎಂಬುದಕ್ಕೆ ನಮ್ಮ ಊರೇ ಸಾಕ್ಷಿ. ವರ್ಷಗಟ್ಟಲೆ ಒಣಗಿ ಬಿದ್ದಿದ್ದ, ದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರಿನ ಕೆರೆಗೆ ತುಂಗಭದ್ರೆಯ ನೀರು ಏತ ನೀರಾವರಿಯ ಕೊಳವೆಯಲ್ಲಿ ಹತ್ತಿ ಬಂತು. ಸಿರಿಗೆರೆಯ ತರಳಬಾಳು ಶ್ರೀಗಳು ಪಟ್ಟು ಹಿಡಿದರು, ರೈತರು ಜೊತೆ ನಿಂತರು, ಸರ್ಕಾರ ದುಡ್ಡು ಕೊಟ್ಟಿತು. ನೀರು ತರುವುದಕ್ಕೆ ಹೋಲಿಸಿದರೆ ಒಂದು ಆಟ ತರುವುದಕ್ಕೆ ಬೇಕಾದದ್ದು ತೀರಾ ಕಡಿಮೆ. ಪ್ರೌಢಶಾಲೆಯ ಬಯಲು ಇದೆ. ನಾಲ್ಕು ಕಂಬ, ಎರಡು ಬಲೆ, ಹತ್ತು ಚೆಂಡು, ವಾರಕ್ಕೆ ಎರಡು ಸಲ ಬರುವ ಒಬ್ಬ ತರಬೇತುದಾರ.

ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯವರಲ್ಲಿ ನನ್ನ ವಿನಂತಿ ಇಷ್ಟೇ. ಸಂತೋಷ್ ಟ್ರೋಫಿಯ ಆಯ್ಕೆ ಶಿಬಿರ ನಡೆಸುವ ಮುಂಚೆ ಒಂದು ವಾರ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಬನ್ನಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮಕ್ಕಳನ್ನು ಕರೆಸಿ ಆಡಿಸಿ ನೋಡಿ. ಶಿಕ್ಷಣ ಇಲಾಖೆಯವರು ಹೋಬಳಿ ಮಟ್ಟದ ಕೂಟಕ್ಕೆ ಫುಟ್‌ಬಾಲನ್ನೂ ಸೇರಿಸಲಿ, ಹುಡುಗಿಯರಿಗೂ ಹುಡುಗರಿಗೂ. ದೈಹಿಕ ಶಿಕ್ಷಕರಿಗೆ ಬೇಸಿಗೆ ರಜೆಯಲ್ಲಿ ಹದಿನೈದು ದಿನದ ತರಬೇತಿ ಕೊಡಿಸಲಿ. ಈ ಜೂನ್‌ನಲ್ಲಿ ಶಾಲೆ ಶುರುವಾಗುವಾಗ ನಿಮ್ಮ ಊರಿನ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗುವವರು ಈ ಒಂದು ವಿಷಯವನ್ನು ಎತ್ತಿ: ನಮ್ಮ ಶಾಲೆಗೆ ಈ ವರ್ಷ ಫುಟ್‌ಬಾಲ್ ಬೇಕು.